ಒಣಗಿದ ಬಣ್ಣ

ಫ್ಲಾಸ್ಕಿಗೆ ಮುಚ್ಚಳ ಒಂದೇ ಇರುವುದು ಲೋಕರೂಢಿ. ತೆಮಿರ್‌ನ ಫ್ಲಾಸ್ಕಿಗೆ ಎರಡಿದ್ದವು. ಹಸಿರು ಅವನದು, ನೀಲಿ ಡಾಕ್ಟರ್ ಗುಲಿಪಾಳದು. ಹನ್ನೊಂದು ವರ್ಷದಿಂದ ಸಂಶೋಧನಾಲಯದ ಜೀಪು ಓಡಿಸುತ್ತಿರುವ ಈ ಮನುಷ್ಯ ಅದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಕೇಳಿದರೆ, "ಚಾ ಆರಿಹೋಗ್ತದಲ್ಲಕ್ಕಾ, ಇಬ್ರೂ ಒಟ್ಟಿಗೇ ಕುಡೀಲಿ ಅಂತ" ಎಂದುಬಿಟ್ಟಾನು. ಅವಳೂ ಕೇಳಿರಲಿಲ್ಲ. ಮೂವತ್ತು ವರ್ಷ ಕಾಮಾಲೆಯವರ ರಕ್ತದಲ್ಲಿ ಕೈಯಾಡಿಸಿದವಳಿಗೆ ಜನ ಎಲ್ಲಿ ಕೂರುತ್ತಾರೆ, ತಾನು ಕೊಟ್ಟ ರೊಟ್ಟಿಯ ಯಾವ ಅಂಚನ್ನು ಮುರಿಯುತ್ತಾರೆ, ಕೈ ಕುಲುಕಿದ ಮೇಲೆ ಅಂಗೈಯನ್ನು ಎಲ್ಲಿಗೆ ಒರೆಸಿಕೊಳ್ಳುತ್ತಾರೆ ಎಂಬುದೆಲ್ಲ ಕಾಣದೆಯೂ ಕಾಣುತ್ತಿತ್ತು. ನಾರಿನ್ ಊರು ಹಿಂದೆ ಬಿದ್ದು ಒಂದು ತಾಸಾಗಿತ್ತು. ಬೆಟ್ಟದಿಂದ ಇಳಿದು ಬಂದ ಕುರಿಮಂದೆಗಳು ರಸ್ತೆ ತುಂಬ ಹರಡಿಕೊಂಡು ಜೀಪು ಮತ್ತೆ ಮತ್ತೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳು ಕಾಲಬುಡದ ಐಸ್ ಡಬ್ಬಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಡಬ್ಬಿಯಲ್ಲಿ ಖಾಲಿ ಕೊಳವೆಗಳಿದ್ದವು, ಅಷ್ಟೆ. ನಿಂತಾಗಲೆಲ್ಲ ಒಂದು ಸಮಾಧಾನವೂ ಆಗುತ್ತಿತ್ತು, ಇನ್ನೂ ಊರು ಬರಲಿಲ್ಲವಲ್ಲ ಎಂದು. ಐವತ್ತಾರು ವರ್ಷದ ಹೆಂಗಸು ಪರೀಕ್ಷೆಗೆ ಓದದೆ ಹೋಗುವ ಹುಡುಗಿಯ ಹಾಗೆ ಕೂತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ತಪ್ಪಾಗಿದೆ ಅಂತ ಹೇಳುವುದು. ಅಷ್ಟೇ ತಾನೆ. ತಪ್ಪಾಗಿದೆ ಝೂರಾ, ಇಪ್ಪತ್ತೆರಡು ವರ್ಷದ ಹಿಂದೆ ನಿನ್ನದೆಂದು ನಾನು ಹೆಸರು ಬರೆದ ರಕ್ತ ನಿನ್ನದಲ್ಲ. ನಿರ್ದೇಶಕರು ಮೊನ್ನೆ ಕನ್ನಡಕ ಕೂಡ ತೆಗೆಯದೆ, "ನಾನೂರ ಹನ್ನೆರಡು ಜನರ ಪಟ್ಟಿಯಲ್ಲಿ ಎರಡು ಸಾಲು, ಗುಲಿಪಾ. ತೆಗೆದುಹಾಕಿ. ಯಾರಿಗೆ ಗೊತ್ತಾಗ್ತದೆ? ಆ ಮೂಲೆಗೆ ಹೋಗಿ ಏನು ಗುಡ್ಡೆ ಹಾಕ್ತೀರಿ?" ಎಂದಿದ್ದರು. ಸಾಲು ತೆಗೆಯುವುದು ನಿಜಕ್ಕೂ ಸುಲಭವಿತ್ತು. ಹೋದ ಶರತ್ಕಾಲದಲ್ಲಿ ಕಿರಿಯರು ಹಳೆಯ ಮನೆಗಳಿಗೆಲ್ಲ ಹೋಗಿ ಮತ್ತೆ ರಕ್ತ ತಂದಾಗ ಝೂರಾಳ ರಕ್ತದಲ್ಲಿ ರೋಗವಿರಲಿ, ರೋಗ ಬಂದುಹೋದ ಗುರುತೂ ಇರಲಿಲ್ಲ. ಈ ವೈರಸ್ಸು ಹಾಗೆ ಕೈಬೀಸಿ ಹೋಗುವ ಅತಿಥಿಯಲ್ಲ, ಹೋದರೂ ತನ್ನ ಹೆಜ್ಜೆಯನ್ನು ಸಾಯುವವರೆಗೆ ಬಿಟ್ಟಿರುತ್ತದೆ. ಅನುಮಾನ ಬಂದು ಗುಲಿಪಾ ಫ್ರೀಜರಿನ ತಳದಿಂದ ಅದೇ ಮನೆಯ ಎರಡು ಹಳೆಯ ಕೊಳವೆ ತೆಗೆಸಿ ನೋಡಿದಳು. ಝೂರಾ ಎಂದು ಬರೆದದ್ದರಲ್ಲಿ ಕಾಮಾಲೆಯ ಬಿ ವೈರಸ್ಸು ಇತ್ತು, ಅದರ ಬೆನ್ನಿಗೆ ಡೆಲ್ಟಾ ಕೂಡ ಇತ್ತು. ಬಿ ಇಲ್ಲದೆ ಬದುಕಲಾರದ, ಇನ್ನೊಬ್ಬರ ಅಂಗಿ ತೊಟ್ಟುಕೊಂಡೇ ಓಡಾಡುವ ಆ ಹಂಗಿನ ವೈರಸ್ಸಿನ ಮೇಲೆ ಅವಳ ಅರ್ಧ ಆಯುಸ್ಸು ಸವೆದಿತ್ತು. ಓರಗಿತ್ತಿ ಉಲ್ಕಾನ್ ಎಂದು ಬರೆದ ಕೊಳವೆ ನೀರಿನಷ್ಟು ಚೊಕ್ಕ. ಆ ಉಲ್ಕಾನ್ ಹೊಟ್ಟೆಯಲ್ಲಿ ನೀರು ತುಂಬಿ ಸತ್ತು ಎರಡು ವರ್ಷವಾಗಿತ್ತು. ಗುಲಿಪಾ ಆ ಕಾಲದ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದಳು. ಪುಟದ ಮೇಲ್ತುದಿಯಲ್ಲಿ ಮನೆಯ ಯಜಮಾನನ ಹೆಸರು, ಸರಿಬಾಯ್. ಅಂಚಿನಲ್ಲಿ ಅವಳದೇ ಗುಂಡು ಅಕ್ಷರ: 'ಕೂ ಎಂದರೆ ಬಿಳಿ?' ಆ ಪ್ರಶ್ನೆಯ ಚಿಹ್ನೆ ನೋಡಿ ಯಜಮಾನನ ಹೆಸರನ್ನು ಮತ್ತೊಮ್ಮೆ ಓದಿದಳು. ನಮ್ಮ ಕಿವಿಗೆ ಸರಿ ಎಂದರೆ ಸರಿ. ಗುಲಿಪಾಳ ನಾಡಿನ ಮಾತಿನಲ್ಲಿ ಸರಿ ಎಂದರೆ ಹಳದಿ.

ಅಂದು ಮಾರ್ಚ್ ತಿಂಗಳು, ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಹೆಸರು ಬರೆಯಲಾಗದೆ ಅವಳು ಒಂದು ಕೊಳವೆಗೆ ಹಳದಿ ಚೀಟಿ, ಇನ್ನೊಂದಕ್ಕೆ ಬಿಳಿ ಚೀಟಿ ಅಂಟಿಸಿ, ರಕ್ತ ಚಳಿಗೆ ಮಂಜುಗಟ್ಟಬಾರದೆಂದು ಎರಡನ್ನೂ ಸಣ್ಣ ಸೊಸೆ ಝೂರಾಳ ಕೈಗೆ ಕೊಟ್ಟು ಒಲೆಯ ಹತ್ತಿರ ನಿಲ್ಲಿಸಿದ್ದಳು. ದೊಡ್ಡ ಸೊಸೆ ಉಲ್ಕಾನ್ ತೋಳು ಮಡಚಿಕೊಂಡೇ ಈಯುವ ಕುರಿ ನೋಡಲು ಕೊಟ್ಟಿಗೆಗೆ ಓಡಿದ್ದಳು. ಗುಲಿಪಾ ಅತ್ತೆಯ ತೋಳಿನಲ್ಲಿ ಸೂಜಿ ಹಿಡಿದುಕೊಂಡೇ, ಪೆನ್ನಿನ ಶಾಯಿ ಕರಗಿತೆಂದು ಸಹಾಯಕ ಹೇಳಿದ ಮೇಲೆ, ತಿರುಗಿ ನೋಡದೆ ಕೇಳಿದಳು, ಯಾವುದು ಯಾರದಮ್ಮ ಎಂದು. ಹುಡುಗಿ ಸುಮ್ಮನೆ ನಿಂತಳು. ಮತ್ತೆ ಕೇಳಿದಾಗ ಪಿಸುಗುಟ್ಟಿದಳು, "ಕೂ ಇರೋದು ಅಕ್ಕಂದು. ಇನ್ನೊಂದು ನಂದು." ಕೂ ಎಂದರೆ ಒಣಗಿ ಬಣ್ಣ ಬಿಟ್ಟದ್ದು, ಬೆಟ್ಟದ ಮೇಲೆ ಅಕ್ಟೋಬರಿನ ಹುಲ್ಲು. ಪಟ್ಟಣದಲ್ಲಿ ರಷ್ಯನ್ ಶಾಲೆ ಓದಿದ ಗುಲಿಪಾಗೆ ಬಣ್ಣ ಬಿಟ್ಟದ್ದು ಎಂದರೆ ಬಿಳಿ ಎನಿಸಿತು. ನಕ್ಕಳು. "ಬಣ್ಣದ ಹೆಸರೂ ಬರಲ್ವೇನೇ ನಿಂಗೆ? ಶಾಲೆ ಕಟ್ಟೆ ಹತ್ತಿದ್ದೀಯೋ ಇಲ್ವೋ?" ಸಹಾಯಕನೂ ನಕ್ಕ, ಬಾಗಿಲಲ್ಲಿ ಕೂತಿದ್ದ ಅಂದಿನ ಡ್ರೈವರನೂ ನಕ್ಕ. ಹುಡುಗಿ ಅತ್ತೆಯ ಮುಖ ನೋಡಿದಳು, ಕಿವಿಯವರೆಗೆ ಕೆಂಪಾದಳು, ಮತ್ತೆ ಅದನ್ನೇ ಅಂದಳು. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಕೂಡದು, ಹೆಸರಿನ ಚೂರೂ ಬರಕೂಡದು. ಸರಿಬಾಯ್‌ನ ಮನೆಗೆ ಬಂದವಳಿಗೆ ಹಳದಿ ಎಂಬ ಬಣ್ಣವೇ ಇಲ್ಲ. ಬೆಣ್ಣೆಗೆ ಬೇರೆ ಹೆಸರು, ಉದುರುವ ಎಲೆಗೆ ಬೇರೆ ಹೆಸರು, ಕಾಮಾಲೆಗಂತೂ ಕೇಳುವುದೇ ಬೇಡ. ಇದು ಗುಲಿಪಾಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಅವಳ ಸ್ವಂತ ಅಜ್ಜಿ ಸಾಯುವವರೆಗೆ ನದಿಗೆ ನದಿ ಎನ್ನಲಿಲ್ಲ. ಆದರೆ ಅಂದು ಚಳಿಯಿತ್ತು, ಇನ್ನೂ ಒಂಬತ್ತು ಮನೆ ಬಾಕಿಯಿತ್ತು, ತಾನು ಬುದ್ಧಿವಂತೆ ಎಂಬ ಹಮ್ಮಿತ್ತು. ಬಿಳಿ ಚೀಟಿಯ ಮೇಲೆ ಉಲ್ಕಾನ್ ಎಂದು ಬರೆದಳು, ಹಳದಿಯ ಮೇಲೆ ಝೂರಾ ಎಂದು.

"ಅಕ್ಕ, ಹೊಟ್ಟೆ ನೋವಾ?" ಎಂದ ತೆಮಿರ್.

"ಯಾಕೆ?"

"ಹಲ್ಲು ಕಚ್ಕೊಂಡು ಕೂತಿದ್ದೀರಲ್ಲ. ಚಾ ಹಾಕ್ಲಾ?"

ಬೇಡ ಎಂದಳು. ಚೀಟಿಯ ತಪ್ಪನ್ನು ನಿರ್ದೇಶಕರಿಗೆ ಹೇಳಿದ್ದಾಗಿತ್ತು, ಕಾಗದದ ಮೇಲೆ ಬರೆದದ್ದಾಗಿತ್ತು, ಅದು ಯಾರಿಗೂ ಆಗಬಹುದಾದ ತಪ್ಪು. ಹೇಳದೆ ಉಳಿದದ್ದು ಇನ್ನೊಂದಿತ್ತು. ಅದಕ್ಕೆ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಎರಡು ತಿಂಗಳ ಮೇಲೆ ಫಲಿತಾಂಶ ಹೇಳಲು ಬಂದಾಗ ಹಿತ್ತಲಿನ ಏಪ್ರಿಕಾಟ್ ಗಿಡ ಹೂ ಮುಗಿಸಿ ಎಲೆ ಬಿಟ್ಟಿತ್ತು. ಝೂರಾ ತೊಡೆಯ ಮೇಲೆ ಒಂದು ವರ್ಷದ ಮಗಳಿಗೆ ಹಾಲೂಡಿಸುತ್ತ ಕೂತಿದ್ದಳು. ಅತ್ತೆ ಕೇಳಿದಳು, "ಇವಳ ಬಟ್ಟಲು ಬೇರೆ ಇಡ್ಬೇಕಾ, ಡಾಕ್ಟರಮ್ಮ?" ಹೊರಗೆ ಜೀಪಿನ ಹಾರ್ನು ಕೂಗುತ್ತಿತ್ತು. ಬಟ್ಟಲಿನಿಂದ ಬರುವ ರೋಗವಲ್ಲ ಇದು ಎಂದು ಗುಲಿಪಾಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ ಅದೇ ಚಳಿಗಾಲದಲ್ಲಿ ಅವಳ ಗಂಡ, ರೋಗಿಗಳ ರಕ್ತ ಮುಟ್ಟುವವಳೆಂದು, ಅವಳು ಕುಡಿದ ಬಟ್ಟಲನ್ನು ಸೋಡಾ ಹಾಕಿ ಕುದಿಸುತ್ತಿದ್ದ; ಇಬ್ಬರ ನಡುವೆ ಅಡುಗೆಮನೆಯ ಆ ಬಿಳಿ ಹಬೆ, ಅವನ ಬೆನ್ನು. ಅವಳು ಪಾಠ ಮಾಡಿದ್ದಳು, ಪುಸ್ತಕ ತೆರೆದು ತೋರಿಸಿದ್ದಳು, ಒಂದು ದಿನ ಬಟ್ಟಲು ಗೋಡೆಗೆ ಎಸೆದಿದ್ದಳು. ಅವನು ಚೂರುಗಳನ್ನು ಕೈಗವಸು ಹಾಕಿಕೊಂಡು ಆಯ್ದಿದ್ದ. ಬೇಸಿಗೆ ಬರುವ ಮೊದಲೇ ಹೊರಟುಹೋಗಿದ್ದ. ಅಷ್ಟೆಲ್ಲ ಗೊತ್ತಿದ್ದೂ, ಬೂಟಿನ ದಾರ ಕಟ್ಟಿಕೊಳ್ಳುತ್ತ, ಅತ್ತೆಗೆ ಅಂದಳು: "ಇಟ್ರೆ ಒಳ್ಳೇದೇ. ನಷ್ಟವೇನು?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕೆ ಅಂದಳು? ದಣಿವೆ? ಅಥವಾ ತನ್ನೊಬ್ಬಳ ಬಟ್ಟಲು ಮಾತ್ರ ಯಾಕೆ ಬೇರೆಯಾಗಬೇಕು ಎಂಬ ಕೆಟ್ಟ ಖುಷಿಯೆ? ಇದನ್ನು ಯೋಚಿಸಹೊರಟಾಗಲೆಲ್ಲ ಮೈ ಬಿಸಿಯಾಗುತ್ತಿತ್ತು, ಹಾಗಾಗಿ ಇಪ್ಪತ್ತೆರಡು ವರ್ಷ ಯೋಚಿಸಿರಲಿಲ್ಲ.

ಊರು ಮುಟ್ಟಿದಾಗ ಝೂರಾ ಬೇಲಿಯ ಬಾಗಿಲಲ್ಲೇ ಸಿಕ್ಕಳು. ನಲವತ್ತೈದರ ಹೆಂಗಸು, ಕೈಯಲ್ಲಿ ಸಗಣಿಯ ಬಕೆಟ್ಟು. ಗುಲಿಪಾ ಕೈ ಮುಂದೆ ಮಾಡಿದಾಗ ಅವಳು ತನ್ನ ಕೈ ಬೆನ್ನ ಹಿಂದಕ್ಕೆ ತೆಗೆದುಕೊಂಡಳು. "ಬೇಡಕ್ಕ, ಸಗಣಿ ಆಗಿದೆ." ಸಗಣಿ ಇನ್ನೊಂದು ಕೈಯಲ್ಲಿತ್ತು. ಬಾಗಿಲ ಹೊರಗಿನ ಚಾವಣಿಯ ಕೆಳಗೆ, ಕುದುರೆಯ ಜೀನು ನೇತುಹಾಕುವ ಮೊಳೆಯ ಪಕ್ಕದ ಮೊಳೆಯಲ್ಲಿ ಒಂದು ಬಟ್ಟೆಚೀಲ ತೂಗುತ್ತಿತ್ತು. ಒಳಗಿನ ಬಟ್ಟಲಿನ ಗುಂಡಾದ ತಳ ಚೀಲದ ಹೊರಗೆ ಒತ್ತಿ ಕಾಣುತ್ತಿತ್ತು. ಗುಲಿಪಾ ಅದರ ಕಡೆ ನೋಡಬಾರದೆಂದುಕೊಂಡು ನೋಡಿದಳು. ಎಲ್ಲರೂ ಸೇರುವ ಮೊದಲೇ ಹೇಳಿಬಿಡಬೇಕೆಂದು ಅಲ್ಲೇ ಬೇಲಿಯ ಪಕ್ಕದಲ್ಲಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳನ್ನೆಲ್ಲ ಮರೆತು, ಹೇಳಿದಳು. ರೋಗ ನಿನಗೆ ಇರಲೇ ಇಲ್ಲ. ಎಂದೂ. ಚೀಟಿ ಅದಲುಬದಲಾಯಿತು. ರೋಗ ಇದ್ದದ್ದು ಉಲ್ಕಾನ್‌ಗೆ.

ಝೂರಾ ಬಕೆಟ್ಟು ಕೆಳಗಿಟ್ಟಳು. ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಗುಲಿಪಾ ಕಾದಳು. ಝೂರಾ ಮನೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ಒಳಗೆ ಹೇಳ್ಬೇಡಿ."

"ಏನಂದೆ?"

"ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಹೇಳ್ಬೇಡಿ ಅಕ್ಕ. ನಮ್ಮ ಮನೆ ಅಕ್ಕನ್ನ ನಾನೇ ಕೊಂದೆ ಅಂತ ಊರೆಲ್ಲ ಅಂದಾಯ್ತು. ಇವಳ ಕೈ ಚಾ ಕುಡಿದು ಕುಡಿದು ಹೊಟ್ಟೆ ಊದಿತು ಅಂದ್ರು. ಅವಳು ಸತ್ತಾಗ ಅವಳ ಹೆಸರಲ್ಲಿ ಸತ್ತವರ ಪಾಲಿನ ಹಿಟ್ಟು ಎಣ್ಣೇಲಿ ಕರಿಯೋಕೆ ನನ್ನನ್ನ ಒಲೆ ಹತ್ರ ಸೇರಿಸ್ಲಿಲ್ಲ. ಆಯ್ತಲ್ಲ, ಅದೆಲ್ಲ ಮುಗೀತು. ನಂಗೆ ಹೇಗೋ ಅಭ್ಯಾಸ ಆಗಿದೆ. ಈಗ ಸತ್ತವಳ ಮೇಲೆ ಹಾಕಿದ್ರೆ ಅವಳ ಮಗ ಎರ್ಮೆಕ್ ಏನಾಗ್ಬೇಕು? ಅವನ ಹೆಂಡತಿ ಬಸುರಿ. ತವರಿನವರು ಕರ್ಕೊಂಡು ಹೋಗ್ಬಿಡ್ತಾರೆ."

ಇಲ್ಲಿಗೆ ಬಿಡಬಹುದಿತ್ತು. ಅವಳೇ ಬೇಡವೆನ್ನುತ್ತಿದ್ದಾಳಲ್ಲ, ಹೇಳಬೇಕಾದವಳಿಗೆ ಹೇಳಿದ್ದಾಯಿತು, ಜೀಪು ಬಾಗಿಲಲ್ಲೇ ಇದೆ. ಗುಲಿಪಾಳ ಕಾಲುಗಳು ನಿಜವಾಗಿಯೂ ಅರ್ಧ ಹೆಜ್ಜೆ ಹಿಂದೆ ಸರಿದವು, ಆಮೇಲೆ ಅವಳಿಗೆ ಅದರ ನಾಚಿಕೆ ಬಹಳ ದಿನ ಉಳಿಯಿತು. ಬಸುರಿ ಎಂಬ ಮಾತು ಅವಳನ್ನು ತಡೆಯಿತು. ತಾಯಿಯಿಂದ ಎರ್ಮೆಕ್‌ಗೆ ಬಂದಿದ್ದರೆ, ಅವನಿಂದ ಹೆಂಡತಿಗೆ, ಹೆಂಡತಿಯಿಂದ ಹುಟ್ಟುವ ಕೂಸಿಗೆ. ಕೂಸು ಹುಟ್ಟಿದ ದಿನವೇ ಲಸಿಕೆಯ ಸೂಜಿ ಬೀಳಬೇಕು. ಈ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಎಲ್ಲರೂ ತಪ್ಪು ಹೆಂಗಸಿನಿಂದ ದೂರ ಕೂತಿದ್ದರು.

"ಹೇಳ್ಲೇಬೇಕಮ್ಮ," ಎಂದಳು. "ನಿನಗೋಸ್ಕರ ಅಲ್ಲ ಅಂತಲೇ ಇಟ್ಕೋ."

ಒಳಗೆ ಅತ್ತೆ ಗೋಡೆಗೊರಗಿ ಕೂತಿದ್ದಳು, ಎಂಬತ್ತು ದಾಟಿ ಕಿರಿದಾಗಿದ್ದಳು. ಕಿವಿ ಮಾತ್ರ ಚುರುಕು. ಸರಿಬಾಯ್ ಹೋಗಿ ಹದಿನಾಲ್ಕು ವರ್ಷ, ಅವನ ಫೋಟೋದಲ್ಲಿ ಟೋಪಿಯೇ ಮುಖಕ್ಕಿಂತ ದೊಡ್ಡದಾಗಿತ್ತು. ಎರ್ಮೆಕ್ ಟ್ರ್ಯಾಕ್ಟರ್ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಂದು ಕೂತ. ಮೂವತ್ತರ ಗಟ್ಟಿ ಆಳು. ಅವನ ಹೆಂಡತಿ ಚಹಾ ಬಗ್ಗಿಸುತ್ತಿದ್ದಳು. ಝೂರಾ ಹೊಸ್ತಿಲ ಹತ್ತಿರ ಅವಳದೇ ಜಾಗದಲ್ಲಿ, ಅವಳದೇ ಬಟ್ಟಲಿನೊಂದಿಗೆ ಕೂತಳು. ಬಟ್ಟಲಿನ ಕಂಠಕ್ಕೆ ಕೆಂಪು ಉಣ್ಣೆಯ ದಾರ ಕಟ್ಟಿತ್ತು, ಎಷ್ಟು ಸಲ ಹೊಸದು ಕಟ್ಟಿದ್ದರೋ. ಗುಲಿಪಾ ಎರಡನೆಯ ಸಲ ಹೇಳಿದಳು. ಈ ಸಲ ನಿಧಾನವಾಗಿ, ಚೀಟಿಯ ಬಣ್ಣ, ಹೆಪ್ಪುಗಟ್ಟಿದ ಪೆನ್ನು, ತನ್ನ ನಗು, ಎಲ್ಲ. "ಇವಳು ಸರಿಯಾಗೇ ಹೇಳಿದ್ಲು. ನಾನು ತಪ್ಪು ಬರ್ದೆ." ಎರ್ಮೆಕ್ ಒಂದು ಸಲ ಅಜ್ಜಿಯ ಮುಖ, ಒಂದು ಸಲ ಚಿಕ್ಕಮ್ಮನ ಮುಖ ನೋಡಿದ. ಅವನ ಹೆಂಡತಿಯ ಕೈ ಕೆಟಲಿನ ಮೇಲೇ ನಿಂತುಹೋಯಿತು.

"ನನ್ನಮ್ಮನಿಗಾ?" ಎಂದ.

"ನಿನ್ನಮ್ಮನ ತಪ್ಪೇನಿಲ್ಲಪ್ಪ. ಅವಳಿಗೂ ಯಾರಿಂದಲೋ ಬಂದದ್ದು. ನಿಂಗೂ ಇರಬಹುದು, ಇಲ್ಲದೇನೂ ಇರಬಹುದು. ಇವತ್ತೇ ನಿಮ್ಮಿಬ್ರ ರಕ್ತ ತಗೊಂಡು ಹೋಗ್ತೀನಿ. ಇದ್ರೂ ಈಗ ಔಷಧಿ ಇದೆ, ಕೂಸಿಗೆ ಲಸಿಕೆ ಇದೆ."

ಅವನು ತೋಳಿನ ಗುಂಡಿ ಬಿಚ್ಚತೊಡಗಿದ, ಎಣ್ಣೆಯ ಬೆರಳಿಗೆ ಗುಂಡಿ ಸಿಗದೆ ಜಾರುತ್ತಿತ್ತು. ಮುದುಕಿ ಕೋಲಿನಿಂದ ನೆಲ ಕುಟ್ಟಿದಳು. "ಅದೇನದು ಅವತ್ತು ಅಂದದ್ದು? ನಂಗೆ ನೆನಪಿಲ್ಲ. ಯಾವ ಚೀಟಿ ಯಾರ್ದು? ಇನ್ನೊಂದ್ಸಲ ಹೇಳಲಿ ಅವಳು."

ಎಲ್ಲರೂ ಹೊಸ್ತಿಲ ಕಡೆ ತಿರುಗಿದರು. ಝೂರಾ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಗೋಡೆಯ ಮೇಲಿನ ಟೋಪಿಯ ಫೋಟೋವನ್ನು ನೇರ ನೋಡಿದಳು. ಆ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಬರದ ಮಾತು ಈಗ ಹಿತ್ತಲಿಗೂ ಕೇಳುವಷ್ಟು ಜೋರಾಗಿ ಬಂತು.

"ಹಳದಿ," ಎಂದಳು. "ಹಳದಿ ಅಕ್ಕಂದು. ಬಿಳಿ ನಂದು."

ಎರ್ಮೆಕ್‌ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಮುದುಕಿಯ ಗದ್ದ ಅಲುಗಿತು. ಮಾವನ ಹೆಸರನ್ನು ಫೋಟೋದ ಎದುರೇ ಅಂದ ಸೊಸೆಯನ್ನು ಅವಳ ಕಾಲದಲ್ಲಾದರೆ ಏನು ಮಾಡುತ್ತಿದ್ದರೋ. ಅವಳ ಬಾಯಲ್ಲಿ ಬೈಗುಳ ಬಂದು ನಿಂತು, ಇನ್ನೇನೋ ಆಗಿ ಹೊರಬಿತ್ತು.

"ಇದನ್ನ ಅವತ್ತೇ ಹಿಂಗೇ ಬಾಯ್ಬಿಟ್ಟು ಅಂದಿದ್ರೆ ಆಗ್ತಿರ್ಲಿಲ್ವೇನೇ, ಮೂದೇವಿ?"

"ಅಂದಿದ್ರೆ," ಎಂದಳು ಝೂರಾ, "ಮನೇಲಿ ಇಟ್ಕೋತಿದ್ರಾ ಅತ್ತೆ?"

ಗುಲಿಪಾ ಎರ್ಮೆಕ್‌ನ ತೋಳಿಗೆ ರಬ್ಬರು ಕಟ್ಟಿದಳು. ಸೂಜಿ ಚುಚ್ಚುವ ಮೊದಲೇ ಕೊಳವೆಯ ಮೇಲೆ ಹೆಸರು ಬರೆದಳು, ಓದಿ ಹೇಳಿದಳು, ಅವನಿಂದ ಮತ್ತೊಮ್ಮೆ ಹೇಳಿಸಿದಳು. ಅವನ ಹೆಂಡತಿಯದಕ್ಕೂ ಹಾಗೇ ಮಾಡಿದಳು. ಹೊರಡುವಾಗ ಯಾರೂ ಬಾಗಿಲವರೆಗೆ ಬರಲಿಲ್ಲ, ರೊಟ್ಟಿ ಮುರಿದುಕೊಂಡು ಹೋಗಿ ಎನ್ನಲಿಲ್ಲ. ಅದು ನ್ಯಾಯವೇ ಎನಿಸಿತು. ಮುಖ್ಯವಾದದ್ದು ಮುಗಿಯಿತು, ಬದುಕಿದೆ, ಎಂದು ಒಳಗೊಳಗೇ ಒಂದು ಹಗುರ ಏಳುತ್ತಿತ್ತು. ಆಸೆಬುರುಕ ಮನಸ್ಸು, ಅಷ್ಟಕ್ಕೇ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಹೊರಟಿತ್ತು.

ಝೂರಾ ಬೇಲಿಯವರೆಗೆ ಬಂದಳು. ಬಕೆಟ್ಟು ಅಲ್ಲೇ ಇತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಅರ್ಧ ಬಗ್ಗಿದಂತೆ ಕೇಳಿದಳು.

"ಅಕ್ಕ, ಒಂದ್ಮಾತು. ರೋಗ ನಂಗೇ ಇತ್ತು ಅಂತಿಟ್ಕೊಳಿ. ಬಟ್ಟಲಿಂದ ಬರ್ತಿತ್ತಾ?"

"ಇಲ್ಲ."

"ಹಾಲಿಂದ?"

"ಇಲ್ಲ."

"ಈಗ ಹೊಸದಾಗಿ ಕಂಡುಹಿಡಿದ್ರೇನೋ." ಅವಳ ದನಿಯಲ್ಲಿ ಬೇಡಿಕೆಯಿತ್ತು. ಹೌದು ಎನ್ನಿ ಎಂಬಂತೆ ಅವಳೇ ದಾರಿ ತೋರಿಸುತ್ತಿದ್ದಳು. "ಅವತ್ತು ನಿಮಗೂ ಗೊತ್ತಿರ್ಲಿಲ್ಲ, ಅಲ್ವಾ?"

ಕುರಿಯ ಮಂದೆಯೊಂದು ರಸ್ತೆಯಲ್ಲಿ ಹಾದುಹೋಗುತ್ತಿತ್ತು. ಅದು ಪೂರ್ತಿ ಹಾದುಹೋಗುವವರೆಗೆ ಗುಲಿಪಾಗೆ ಸಮಯವಿತ್ತು. ಹೌದು ಎಂದರೆ ಇಬ್ಬರಿಗೂ ನಿದ್ದೆ ಬರುತ್ತಿತ್ತು. ಅಡುಗೆಮನೆಯ ಹಬೆ ನೆನಪಾಯಿತು, ಹಬೆಯೊಳಗಿನ ಬೆನ್ನು ನೆನಪಾಯಿತು.

"ಗೊತ್ತಿತ್ತು," ಎಂದಳು.

ಝೂರಾ ನೆಟ್ಟಗಾದಳು. ಗುಲಿಪಾಳನ್ನು ಮೊದಲ ಸಲ ನೋಡುವವಳಂತೆ ಮೇಲಿಂದ ಕೆಳಗೆ ನೋಡಿದಳು. ಕೋಟು, ಬೂಟು, ಐಸಿನ ಡಬ್ಬಿ.

"ನೀವು ಹೋದ ಸಂಜೇನೇ ಮಗಳಿಗೆ ಹಾಲು ಬಿಡಿಸಿದ್ರು," ಎಂದಳು. "ಎದೆ ಕಟ್ಕೊಂಡು ಮೂರು ದಿನ ಕೊಟ್ಟಿಗೇಲಿ ಮಲಗಿದ್ದೆ. ಅವಳು ಒಳಗೆ ಅಳೋದು ಕೇಳ್ತಿತ್ತು. ದೊಡ್ಡೋಳಾದ್ಲು, ಮದುವೆಯಾದ್ಲು. ಇಷ್ಟು ವರ್ಷದಲ್ಲಿ ನನ್ನ ಮಗಳು ನನ್ನ ಎಂಜಲು ಒಂದು ತುತ್ತು ತಿಂದಿಲ್ಲ ಅಕ್ಕ. ಒಂದು ತುತ್ತು."

ಬಕೆಟ್ಟು ಎತ್ತಿಕೊಂಡು ಹೋದಳು. ಗುಲಿಪಾ ಬೇಲಿಯ ಬಾಗಿಲನ್ನು ತಾನೇ ಮುಚ್ಚಿ, ತಂತಿಯನ್ನು ಮೊಳೆಗೆ ಸಿಕ್ಕಿಸಿ ಜೀಪು ಹತ್ತಿದಳು. ಬೆಟ್ಟದ ಹುಲ್ಲೆಲ್ಲ ಒಣಗಿತ್ತು. ಇಳಿಬಿಸಿಲಿನಲ್ಲಿ ಅದು ಹಳದಿಯಾಗಿಯೇ ಇತ್ತು, ಬಿಳಿಯೆಂದು ಹುಚ್ಚರೂ ಅನ್ನುತ್ತಿರಲಿಲ್ಲ.

"ಆಯ್ತಾ ಅಕ್ಕ, ಕೆಲಸ?"

"ಆಯ್ತು."

ತೆಮಿರ್ ಫ್ಲಾಸ್ಕು ತೆಗೆದು ಹಸಿರು ಮುಚ್ಚಳಕ್ಕೆ ಬಗ್ಗಿಸಿಕೊಂಡ, ನೀಲಿ ಮುಚ್ಚಳಕ್ಕೆ ಬಗ್ಗಿಸಿ ಅವಳ ಬೆರಳು ತಾಗದ ಹಾಗೆ ಅಂಚು ಹಿಡಿದು ಕೊಟ್ಟ. ಅವಳು ತೆಗೆದುಕೊಂಡು ಕೈಯಲ್ಲೇ ಹಿಡಿದು ಕೂತಳು.

"ಕುಡೀರಿ, ಆರಿಹೋಗ್ತದೆ," ಎಂದ ಅವನು, ನಾಲ್ಕು ತಿರುವು ದಾಟಿದ ಮೇಲೆ.